ಹವಳದ ತೊಟ್ಟಿ ಮತ್ತು ಇಪ್ಪತ್ತು ಸೊನ್ನೆ

ಮನೆಯಲ್ಲಿ ಉಪ್ಪುನೀರಿನ ಹವಳದ ತೊಟ್ಟಿ ಇಡುತ್ತೇನೆ ಎಂದು ನಾನು ಹೇಳಿದ ದಿನ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ.

“ಅದ್ರೊಳಕ್ಕೆ ನಾನು ಕೈ ಇಟ್ರೆ ಏನೂ ಆಗಲ್ವಾ?”

ಆ ಪ್ರಶ್ನೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ಆಗಸ್ಟ್ ಒಂಬತ್ತು ಎಂಬ ತಾರೀಖಿನ ಕೆಳಗೆ, ಹಾಗೇ ಬರೆದುಕೊಂಡೆ. ನಾನು ಕೊರಟಗೆರೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಶಿಯನ್. ಬೆಳಿಗ್ಗೆ ಏಳೂ ಮುಕ್ಕಾಲಿನ ಬಸ್ಸಿಗೆ ಮಧುಗಿರಿ ಬಿಟ್ಟರೆ ಮತ್ತೆ ಮನೆ ಸೇರುವುದು ಸಂಜೆ ಆರಕ್ಕೆ. ಮಧ್ಯಾಹ್ನ ಮೀನಿಗೆ ತಿನ್ನಲು ಹಾಕುವುದು, ಆವಿಯಾಗಿ ಹೋದಷ್ಟು ಸಿಹಿನೀರು ತುಂಬುವುದು, ಗಾಜಿಗೆ ಹತ್ತಿದ ಪಾಚಿ ಉಜ್ಜುವುದು, ಇವೆಲ್ಲ ಅಮ್ಮನ ಪಾಲಿಗೆ ಬರುವ ಕೆಲಸಗಳು. ತೊಟ್ಟಿ ನನ್ನದು, ಅದರೊಳಗೆ ಇಳಿಯುವ ಕೈ ಅಮ್ಮನದು. ಯೋಜನೆಯ ಒಂದೊಂದು ಸಾಲನ್ನೂ ಆ ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯಬೇಕು ಎಂದುಕೊಂಡೆ.

ಆಸೆ ಹುಟ್ಟಿದ್ದು ತುಮಕೂರಿನಲ್ಲಿ, ಹಲ್ಲಿನ ಡಾಕ್ಟರೊಬ್ಬರ ಬಳಿ ಕಾಯುತ್ತ ಕೂತಿದ್ದಾಗ. ಗೋಡೆಗೆ ಒತ್ತಿ ಇಟ್ಟಿದ್ದ ಗಾಜಿನ ತೊಟ್ಟಿಯಲ್ಲಿ ಅಣಬೆಯಂಥ ಹವಳಗಳು ನೀರಿನ ಸೆಳೆತಕ್ಕೆ ಬಾಗುತ್ತಿದ್ದವು, ಏಳುತ್ತಿದ್ದವು. ನನ್ನ ಸರದಿ ಬಂದಾಗ ಪಕ್ಕದವರನ್ನು ಮುಂದೆ ಕಳಿಸಿ ಇನ್ನೂ ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಐದು ತಿಂಗಳು ಓದಿದೆ. ಗಟ್ಟಿ ಹವಳಕ್ಕೆ ನಮ್ಮಲ್ಲಿ ಕಾನೂನಿನ ಅಡ್ಡಿಯಿದೆ ಎಂದು ತಿಳಿಯಿತು. ಮೆತ್ತನೆಯ ಜಾತಿಯವು ಸಾಕು, ಮೀನು ಎರಡೇ ಸಾಕು ಎಂದು ತೀರ್ಮಾನಿಸಿದೆ.

ಪಟ್ಟಿ ಮಾಡುವುದು ನನಗೆ ಅಭ್ಯಾಸ. ತೊಟ್ಟಿ ಮೂರಡಿ ಉದ್ದ, ನೂರೈವತ್ತು ಲೀಟರ್. ಕೆಳಗಿನ ಕಪಾಟಿನಲ್ಲಿ ಇನ್ನೊಂದು ಚಿಕ್ಕ ತೊಟ್ಟಿ, ಅಲ್ಲಿಂದ ನೀರನ್ನು ಮೇಲಕ್ಕೆತ್ತುವ ಪಂಪು ಮೂವತ್ತು ವ್ಯಾಟ್. ಅಲೆ ಎಬ್ಬಿಸುವ ಪುಟ್ಟ ಫ್ಯಾನುಗಳು ಎರಡು, ತಲಾ ಎಂಟು. ದೀಪ ತೊಂಬತ್ತೈದು. ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ ಹನ್ನೆರಡು. ನೀರು ತಣಿಸುವ ಚಿಲ್ಲರ್ ಇನ್ನೂರೈವತ್ತು. ಒಟ್ಟು ನಾನೂರ ಮೂರು. ಪುಸ್ತಕಗಳೆಲ್ಲ ನೀರು ಬಿಸಿ ಮಾಡುವುದರ ಬಗ್ಗೆ ಪುಟಗಟ್ಟಲೆ ಹೇಳುತ್ತವೆ. ಮಧುಗಿರಿಯಲ್ಲಿ ಬಂಡೆ ಕಾದರೆ ಊರೇ ಕಾಯುತ್ತದೆ. ನಮಗೆ ಬೇಕಾದದ್ದು ತಣಿಸುವುದು. ನಮ್ಮ ಬೋರಿನ ನೀರನ್ನು ಲವಣ ಅಳೆಯುವ ಮೀಟರಿನಲ್ಲಿ ನೋಡಿದರೆ ಸಾವಿರದ ನೂರ ನಲವತ್ತು. ಅದನ್ನು ಫಿಲ್ಟರಿನಲ್ಲಿ ಹಾಯಿಸಿ ಸೊನ್ನೆಗೆ ಇಳಿಸಿ, ಆಮೇಲೆ ಅದಕ್ಕೆ ಸಮುದ್ರದ ಉಪ್ಪು ಬೆರೆಸಬೇಕು.

“ಇರೋ ಉಪ್ಪು ತೆಗೆದು ಬೇರೆ ಉಪ್ಪು ಹಾಕ್ತಾಳಂತೆ,” ಎಂದು ಅಮ್ಮ ಪಕ್ಕದ ಮನೆಯವರಿಗೆ ವರದಿ ಒಪ್ಪಿಸಿದಳು. “ಓದಿರೋ ಮಕ್ಳು ಕಣವ್ವ.”

ಕರೆಂಟಿನ ವಿಷಯಕ್ಕೆ ಅಪ್ಪ ಇದ್ದ. ಅಪ್ಪನದು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಸುತ್ತಲಿನ ಕೊಳವೆಬಾವಿಗಳಲ್ಲಿ ಸುಟ್ಟುಹೋದ ಮೋಟರುಗಳು ಅಲ್ಲಿಗೆ ಬಂದು, ಹೊಸ ತಾಮ್ರದ ತಂತಿ ಸುತ್ತಿಸಿಕೊಂಡು ಹೋಗುತ್ತವೆ. ಮೋಟರಿಗೆ ತೊಂದರೆಯಾದಾಗ ತಾನೇ ಬಿದ್ದು ಕರೆಂಟು ಕಡಿಯಲೆಂದು ಸ್ಟಾರ್ಟರ್ ಪೆಟ್ಟಿಗೆ ಇರುತ್ತದೆ. ಆದರೆ ಮೋಟರ್ ಓಡಿಸುವ ತ್ರೀ ಫೇಸ್ ಕರೆಂಟು ಬರುವುದೇ ದಿನದಲ್ಲಿ ಕೆಲವು ಗಂಟೆ. ಅಷ್ಟರೊಳಗೆ ಸ್ಟಾರ್ಟರ್ ಪದೇ ಪದೇ ಬಿದ್ದರೆ ಕಡಲೆಕಾಯಿ ಗಿಡಕ್ಕೆ ನೀರಿಲ್ಲ. ಅದಕ್ಕೇ ರೈತರು ಅದು ಬೀಳದ ಹಾಗೆ ಸಂದಿಗೆ ಒಂದು ಕಡ್ಡಿ ಸಿಕ್ಕಿಸಿಬಿಡುತ್ತಾರೆ. ಮೋಟರ್ ಓಡುತ್ತದೆ, ಸುಡುವ ತನಕ.

ಒಂದು ಭಾನುವಾರ ನಾನು ಅಂಗಡಿಯಲ್ಲಿ ಕೂತು ನನ್ನ ನಕ್ಷೆಯನ್ನು ಅಪ್ಪನಿಗೆ ತೋರಿಸುತ್ತಿದ್ದಾಗ ಗೌಡಗೆರೆ ಕಡೆಯವರೊಬ್ಬರು ಮೋಟರ್ ಇಳಿಸಿದರು. ಅಪ್ಪ ಮೂಸಿ ನೋಡಿ ಕೇಳಿದ.

“ಕಡ್ಡಿ ಸಿಕ್ಕಿಸಿದ್ರಾ?”

“ಇಲ್ಲಣ್ಣ, ಎಲ್ಲಾದ್ರೂ ಉಂಟಾ.”

“ಬೇವಿಂದೋ, ಹೊಂಗೇದೋ?”

“ಬೇವಿಂದು,” ಎಂದ ಆತ.

ಮೂಲೆಯಲ್ಲಿ ತಮ್ಮ ಮೋಟರಿಗಾಗಿ ಕಾಯುತ್ತಿದ್ದ ಪಾವಗಡದ ಯಜಮಾನರು ನಕ್ಕು, ನನ್ನ ನಕ್ಷೆಯ ಕಡೆ ಕತ್ತು ಚಾಚಿದರು. “ಏಂ ಸಾಮಿ, ಇಂಟ್ಲೋ ಸಮುದ್ರಂ ಪೆಡ್ತುನ್ನಾರಂಟ? ಮನೇಲೇ ಸಮುದ್ರ ಇಡ್ತೀರಂತೆ? ನಮ್ಮೂರಲ್ಲಿ ಕುಡಿಯೋ ನೀರಿಗೇ ಸರತಿ ನಿಲ್ತೀವಿ. ಅಲೆ ಬರ್ತದಾ ಇದ್ರಲ್ಲಿ?”

“ಎಂಟು ವ್ಯಾಟಿಂದು ಎರಡು ಅಲೆ,” ಎಂದ ಅಪ್ಪ.

ಅಪ್ಪನಿಗೆ ಒಂದು ನಿಯಮವಿತ್ತು. ತೋಟಕ್ಕೆ ಹೋಗಿ ಮೋಟರ್ ಬಿಚ್ಚುವ ಮುಂಚೆ ಮೀಟರ್ ಪೆಟ್ಟಿಗೆಯ ಪಿಂಗಾಣಿ ಫ್ಯೂಸುಗಳನ್ನು ಕಿತ್ತು ತನ್ನ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಫ್ಯೂಸು ಜೇಬಿನಲ್ಲಿದ್ದರೆ ಬೇರೆ ಯಾರಾದರೂ ಮರೆತು ಸ್ವಿಚ್ ಹಾಕಿದರೂ ಭಯವಿಲ್ಲ. ಒಮ್ಮೆ ಬುಕ್ಕಾಪಟ್ಟಣದ ಹತ್ತಿರದ ತೋಟದಿಂದ ಫ್ಯೂಸನ್ನು ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ಬಂದುಬಿಟ್ಟಿದ್ದ. ತೋಟದವರು ಬೈಕಿನಲ್ಲಿ ಅಷ್ಟು ದೂರ ಬಂದು, ಅಪ್ಪ ಊಟಕ್ಕೆ ಕೂತಿದ್ದಾಗ, “ಅಣ್ಣಾ, ನಿನ್ ಜೇಬು ಸ್ವಲ್ಪ ನೋಡ್ಕೊ,” ಎಂದಿದ್ದರು.

ನಕ್ಷೆಯಲ್ಲಿ ಹೆಚ್ಚಿನದಕ್ಕೆ ಅಪ್ಪ ಒಪ್ಪಿದ. ಪ್ಲಗ್ಗುಗಳ ಬೋರ್ಡು ತೊಟ್ಟಿಯ ಕೆಳಗೆ ಇರಕೂಡದು. ಪಕ್ಕದ ಗೋಡೆಯಲ್ಲಿ, ನೀರಿನ ಮಟ್ಟಕ್ಕಿಂತ ಮೇಲೆ, ಎರಡಡಿ ದೂರ. ಒಂದೊಂದು ವೈರೂ ಮೊದಲು ಬೋರ್ಡಿಗಿಂತ ಕೆಳಗೆ ಜೋತು ಆಮೇಲೆ ಮೇಲೆ ಹೋಗಬೇಕು. ವೈರಿನ ಗುಂಟ ನೀರು ಹರಿದರೆ ಆ ಜೋಲಿನಲ್ಲೇ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

“ವೈರಿಗೂ ಉಯ್ಯಾಲೆ ಕಟ್ಟುಸ್ತೀಯಲ್ಲ ಮಗಾ,” ಎಂದ. ಆದರೂ ಕಟ್ಟಿದ.

ಅವನು ಒಪ್ಪದಿದ್ದದ್ದು ಒಂದನ್ನು, ಅವನ ಬಾಯಲ್ಲಿ ಟ್ರಿಪ್ಪರ್ ಎಂದಾಗುವ ಆರ್‌ಸಿಸಿಬಿಯನ್ನು. ಹೋದ ಕರೆಂಟು ಅಷ್ಟೂ ವಾಪಸ್ ಬರುತ್ತಿದೆಯೇ ಎಂದು ಅದು ನೋಡುತ್ತಿರುತ್ತದೆ. ಮೂವತ್ತು ಮಿಲಿಆಂಪಿನಷ್ಟು ಬೇರೆ ದಾರಿಯಲ್ಲಿ, ಅಂದರೆ ನೀರಿನ ಮೂಲಕವೋ ಮನುಷ್ಯನ ಮೈ ಮೂಲಕವೋ, ನೆಲಕ್ಕೆ ಸೋರಿದರೆ ರೆಪ್ಪೆ ಬಡಿಯುವುದರೊಳಗೆ ಬಿದ್ದುಬಿಡುತ್ತದೆ. ಸೋರಿಕೆಗೆ ದಾರಿಯಾಗಲೆಂದು ತೊಟ್ಟಿಯ ನೀರಿಗೆ ಒಂದು ಟೈಟಾನಿಯಂ ಕಡ್ಡಿ ಇಳಿಸಿ ಅದನ್ನು ಮನೆಯ ಅರ್ತಿಂಗಿಗೆ ಜೋಡಿಸುವುದೂ ನನ್ನ ಯೋಜನೆಯಲ್ಲಿತ್ತು. ಅಮ್ಮನ ಪ್ರಶ್ನೆಗೆ ನಾನು ಬರೆದಿದ್ದ ಉತ್ತರವೇ ಈ ಎರಡು.

“ಅದು ಸುಮ್ ಸುಮ್ಕೆ ಬೀಳ್ತದೆ ಕಣಮ್ಮ,” ಎಂದ ಅಪ್ಪ. “ಮೀನಿಗೆ ಗಾಳಿ ಬೇಕಲ್ಲ?”

ಆ ಮಾತಿಗೆ ನಾನು ಗಮನ ಕೊಡಲಿಲ್ಲ. ವೈಂಡಿಂಗ್ ತಂತಿ ತರಲು ಅಪ್ಪ ತಿಂಗಳಿಗೊಮ್ಮೆ ಶಿರಾಕ್ಕೆ ಹೋಗುವುದುಂಟು. ನಾನೂ ಜೊತೆಗೆ ಹೋಗಿ ಟ್ರಿಪ್ಪರ್ ಕೊಂಡೆ. ಅಂಗಡಿಯ ಸಾಹೇಬರು ಡಬ್ಬಿಯ ಧೂಳು ಒರೆಸಿ ಕೊಟ್ಟರು.

“ಇದು ತಗೊಂಡೋದೋರು ಎಂಟು ದಿನಕ್ಕೆ ವಾಪಸ್ ಬರ್ತಾರೆ ಬೇಟಿ. ಬೀಳ್ತಾನೇ ಇರ್ತದೆ, ಬೇಕಾರ್ ಮಾಲು ಅಂತಾರೆ. ಡಬ್ಬಿ ಬೇಕಾರ್ ಅಲ್ಲ ಮಿಯಾ, ನಿನ್ ಮನೆ ವೈರಿಂಗ್ ಬೇಕಾರ್ ಅಂತೀನಿ ನಾನು.”

ನವೆಂಬರ್ ಹದಿನೇಳರಂದು ತೊಟ್ಟಿಗೆ ನೀರು ತುಂಬಿದೆವು. ಡಿಸೆಂಬರ್ ಕೊನೆಯಲ್ಲಿ ಹವಳ ಬಂತು. ಜನವರಿಯಲ್ಲಿ ಒಂದು ಜೋಡಿ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಮೀನು, ಕೆಂಪು ಬೆನ್ನಿನ ಒಂದು ಸೀಗಡಿ. ಮೀನುಗಳನ್ನು ಅಪ್ಪ ಗಂಡಹೆಂಡ್ರು ಎಂದು ಕರೆದ. ಊಟಕ್ಕೆ ಬಂದಾಗ ತಟ್ಟೆ ಹಿಡಿದು ತೊಟ್ಟಿಯ ಮುಂದೆಯೇ ಕೂರುವುದು ರೂಢಿಯಾಯಿತು. “ಹೆಣ್ಣೇ ದಪ್ಪ, ಗಂಡು ಹಿಂದಿಂದೆ ತಿರುಗ್ತದೆ. ನಮ್ಮನೇ ಥರಾನೇ,” ಎಂದು ಅಮ್ಮನನ್ನು ಕೆಣಕುತ್ತಿದ್ದ. ನೋಟ್‌ಬುಕ್ಕಿನಲ್ಲಿ ನಾನು ದಿನಕ್ಕೊಂದು ಸಾಲು ಬರೆಯುತ್ತಿದ್ದೆ: ನೀರಿನ ಬಿಸಿ, ಉಪ್ಪಿನಂಶ, ತುಂಬಿದ ಸಿಹಿನೀರು ಎಷ್ಟು ಲೀಟರ್, ಟ್ರಿಪ್ಪರ್ ಎಷ್ಟು ಸಲ ಬಿತ್ತು. ಕೊನೆಯ ಕಾಲಮ್ಮಿನಲ್ಲಿ ಮಾರ್ಚ್ ಮುಗಿಯುವವರೆಗೂ ಸೊನ್ನೆಯೇ ಇತ್ತು. ಪ್ರತಿ ತಿಂಗಳ ಒಂದನೇ ತಾರೀಖು ಅದರ ಟೆಸ್ಟ್ ಗುಂಡಿ ಒತ್ತಿ, ಟಕ್ಕೆಂದು ಬೀಳುವುದನ್ನು ನೋಡಿ, ಮತ್ತೆ ಎತ್ತುತ್ತಿದ್ದೆ.

ಏಪ್ರಿಲ್ ಮೂರರಂದು ಅದು ಮೊದಲ ಸಲ ತಾನಾಗಿ ಬಿತ್ತು. ಸಂಜೆ ಬಂದು ನೋಡಿದರೆ ಪ್ಲಗ್ಗುಗಳ ಮೇಲೆ ತೆಳ್ಳಗೆ ಬಿಳಿ ಉಪ್ಪು ಹತ್ತಿತ್ತು. ಒರೆಸಿ ಒಣಗಿಸಿ ಎತ್ತಿದೆ, ನಿಂತಿತು. ಕಾರಣ ಸಿಕ್ಕಿತೆಂದು ಬರೆದೆ.

ಏಳರಂದು ಮಧ್ಯಾಹ್ನ ಹನ್ನೆರಡಕ್ಕೆ ಮತ್ತೆ ಬಿತ್ತು. ಲ್ಯಾಬಿನಲ್ಲಿ ನನ್ನ ಫೋನು ಬೀರುವಿನಲ್ಲಿರುತ್ತದೆ. ಅಪ್ಪ ನಾಲ್ಕು ಸಲ ಮಾಡಿದ್ದು ನನಗೆ ಗೊತ್ತಾದದ್ದು ನಾಲ್ಕು ಗಂಟೆಗೆ. ಅಷ್ಟು ಹೊತ್ತೂ ಎತ್ತಿದರೆ ಬೀಳುತ್ತಿತ್ತು, ಎತ್ತಿದರೆ ಬೀಳುತ್ತಿತ್ತು. ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಅಮ್ಮ ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ಸುರಿಯುತ್ತ ನಿಂತಳು. ಅವಳ ಕೈ ಸೋತಾಗ ಅಪ್ಪ ಸುರಿದ. ನಾನು ಬರುವ ಹೊತ್ತಿಗೆ ಎಲ್ಲ ತಣ್ಣಗಾಗಿತ್ತೋ ಏನೋ, ಎತ್ತಿದ ತಕ್ಷಣ ನಿಂತುಕೊಂಡಿತು. ಈ ಸಲ ಕಾರಣ ಸಿಗಲಿಲ್ಲ. ಭಾನುವಾರ ಒಂದೊಂದೇ ಪ್ಲಗ್ಗು ಕಿತ್ತು ನೋಡಬೇಕು ಎಂದು ಬರೆದಿಟ್ಟೆ.

ಭಾನುವಾರಕ್ಕೆ ಮುಂಚೆ, ಹತ್ತನೇ ತಾರೀಖು, ಮೂರನೇ ಸಲ ಬಿತ್ತು. ಅಂದು ಸೀಗಡಿ ಸತ್ತಿತು. ನಾನು ಮನೆಗೆ ಬಂದಾಗ ಎಲ್ಲ ಓಡುತ್ತಿತ್ತು. ಅಪ್ಪ ಬೋರ್ಡಿನ ಮುಚ್ಚಳಕ್ಕೆ ಕೊನೆಯ ಸ್ಕ್ರೂ ತಿರುಗಿಸುತ್ತಿದ್ದ.

“ಏನಾಗಿತ್ತಪ್ಪಾ?”

“ಲೂಜ್ ಇತ್ತು. ಸರಿ ಮಾಡಿದೀನಿ. ಇನ್ ಬೀಳಲ್ಲ ಬುಡು.”

ಮೂವತ್ತು ವರ್ಷ ಕರೆಂಟಿನ ಜೊತೆ ಬದುಕಿದವನ ಮಾತು. ‘ಅಪ್ಪ ಸರಿ ಮಾಡಿದ’ ಎಂದು ಬರೆದು ಮಲಗಿದೆ. ಭಾನುವಾರದ ಕೆಲಸವನ್ನು ಹೊಡೆದುಹಾಕಿದೆ.

ಹನ್ನೊಂದರಿಂದ ಕಾಲಮ್ಮಿನಲ್ಲಿ ಮತ್ತೆ ಸೊನ್ನೆ. ದಿನಕ್ಕೊಂದು ಸೊನ್ನೆ. ಬಿಸಿಲು ಏರುತ್ತಿತ್ತು, ಬಸ್ಸಿನ ಕಿಟಕಿಯಿಂದ ಸಿದ್ದರಬೆಟ್ಟದ ಕಡೆ ನೋಡಿದರೆ ಹಸಿರೆಂಬುದೇ ಇರಲಿಲ್ಲ. ಆದರೂ ನಮ್ಮ ತೊಟ್ಟಿಯ ನೀರು ಇಪ್ಪತ್ತಾರು ಡಿಗ್ರಿಯಲ್ಲಿ ನಿಂತಿತ್ತು. ಅಷ್ಟು ಅಚ್ಚುಕಟ್ಟಾದ ತಿಂಗಳನ್ನು ನಾನು ಯಾವತ್ತೂ ಬರೆದಿರಲಿಲ್ಲ.

ಅದು ಹುಣಸೆಹಣ್ಣಿನ ಕಾಲ. ನಮ್ಮ ಬೀದಿಯ ಹೆಂಗಸರೆಲ್ಲ ಜಗಲಿಯಲ್ಲಿ ಕೂತು ಹುಣಸೆ ಕುಟ್ಟಿ ಬೀಜ ಬಿಡಿಸುತ್ತಾರೆ. ಹುಳಿಗೆ ಬೆರಳಿನ ತುದಿಗಳು ಸೀಳುತ್ತವೆ. ಅಮ್ಮನವೂ ಸೀಳಿದ್ದವು. ಹದಿನಾರರಂದು ಸಂಜೆ ಅವಳು ಹೇಳಿದಳು.

“ತೊಟ್ಟೀಲಿ ಕೈ ಇಟ್ರೆ ಇರುವೆ ಹತ್ತಿದಂಗಾಯ್ತದೆ ಕಣಮ್ಮ.”

“ಬೆರಳು ಸೀಳಿದೆಯಲ್ಲಮ್ಮ. ಉಪ್ಪು ತಾಗುತ್ತೆ.”

“ಸೀಳಿರೋದು ಬೆರಳು. ಇದು ಮೊಣಕೈ ಗಂಟ ಹತ್ತುತ್ತೆ.”

ನಾನು ಬರೆದದ್ದು ಇಷ್ಟು: ‘ಅಮ್ಮನ ಬೆರಳ ಸೀಳಿಗೆ ಉಪ್ಪು. ಮುಲಾಮು ತರಬೇಕು.’ ಮಾರನೆಯ ದಿನ ತಂದುಕೊಟ್ಟೆ. ಇಪ್ಪತ್ತೆರಡರಂದು ಇನ್ನೊಮ್ಮೆ ಹೇಳಿದಳು. ಇಪ್ಪತ್ತೇಳರಂದು ಮತ್ತೊಮ್ಮೆ. ಎರಡು ಸಲವೂ ‘ಉಪ್ಪು’ ಎಂದು ಬರೆದು ಪಕ್ಕದಲ್ಲಿ ಗೆರೆ ಎಳೆದೆ. ಕೈಗವಸು ತರುತ್ತೇನೆ ಎಂದೆ. “ಮೀನಿಗೆ ಊಟ ಹಾಕಕ್ಕೆ ಗ್ಲೌಸಾ, ಆಪರೇಷನ್ ಮಾಡ್ತೀನಾ ನಾನು,” ಎಂದು ನಕ್ಕುಬಿಟ್ಟಳು.

ಮೇ ಒಂದು ರಜೆ. ಬೆಳಿಗ್ಗೆ ಕಾಫಿ ಕುಡಿದು ಪದ್ಧತಿಯಂತೆ ಟ್ರಿಪ್ಪರಿನ ಟೆಸ್ಟ್ ಗುಂಡಿ ಒತ್ತಿದೆ. ಟಕ್ಕೆನ್ನಲಿಲ್ಲ. ಇನ್ನೊಮ್ಮೆ ಒತ್ತಿದೆ. ಅದರ ಹಿಡಿ ಮೇಲೆಯೇ ಇತ್ತು. ತೊಟ್ಟಿಯ ದೀಪ ಉರಿಯುತ್ತಿತ್ತು, ಗಂಡಹೆಂಡ್ರು ನನ್ನ ಕಡೆಗೇ ನೋಡುತ್ತ ಈಜುತ್ತಿದ್ದರು. ಅಡುಗೆಮನೆಯಲ್ಲಿ ಅಮ್ಮ ಮೀನಿನ ಆಹಾರದ ಡಬ್ಬಿ ತೆಗೆಯುವ ಸದ್ದಾಯಿತು.

“ಅಮ್ಮಾ, ಅಲ್ಲೇ ಇರು. ತೊಟ್ಟಿ ಹತ್ರ ಬರಬೇಡ.”

ಮನೆಯ ಮೇನ್ ಸ್ವಿಚ್ ಇಳಿಸಿದೆ. ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿದೆ. ಟ್ರಿಪ್ಪರಿಗೆ ಒಂದು ವೈರೂ ಇರಲಿಲ್ಲ. ಒಳಬರುವ ಎರಡು ವೈರನ್ನೂ ಹೊರಹೋಗುವ ಎರಡಕ್ಕೆ ನೇರವಾಗಿ ತಿರುಚಿ, ಮೇಲೆ ಕಪ್ಪು ಟೇಪು ಸುತ್ತಿತ್ತು. ಸುತ್ತಿದ ರೀತಿ ನನಗೆ ಗೊತ್ತಿತ್ತು. ಅಷ್ಟು ನೀಟಾಗಿ, ಒಂದರ ಮೇಲೊಂದು ಅರ್ಧ ಏರುವಂತೆ ಟೇಪು ಸುತ್ತುವವರು ಮಧುಗಿರಿಯಲ್ಲಿ ಒಬ್ಬರೇ.

ಸೊನ್ನೆಗಳನ್ನು ಎಣಿಸಿದೆ. ಇಪ್ಪತ್ತಿದ್ದವು. ಬೀಳುವುದಕ್ಕೆ ಆಗದ್ದು ಇಪ್ಪತ್ತು ದಿನ ಬಿದ್ದಿರಲಿಲ್ಲ. ಆ ಇಪ್ಪತ್ತರ ನಡುವೆ, ಅಂಚಿನಲ್ಲಿ, ನನ್ನದೇ ಅಕ್ಷರದಲ್ಲಿ ಮೂರು ಸಲ ಉಪ್ಪು.

ಅಪ್ಪ ಸ್ನಾನ ಮುಗಿಸಿ ಬಂದವನು ಬಿಚ್ಚಿದ ಮುಚ್ಚಳ ನೋಡಿ ನಿಂತ.

“ಇದನ್ನ ಯಾವಾಗ ಮಾಡಿದೆ?”

“ಸೀಗಡಿ ಸತ್ತ ದಿನ. ಯಾಕೆ, ಏನಾಯ್ತು?” ಎಂದ.

ನಾನು ನೋಟ್‌ಬುಕ್ಕಿನ ಆ ಪುಟ ತೆರೆದು ಕೊಟ್ಟೆ. ಅವನು ಕನ್ನಡಕ ಹಾಕಿಕೊಂಡು ಓದಿದ. ಹದಿನಾರರ ಸಾಲಿಗೆ ಬಂದಾಗ ಅಮ್ಮನ ಕಡೆ ತಿರುಗಿ ಕೇಳಿದ.

“ಮೊಣಕೈ ಗಂಟ ಹತ್ತುತ್ತಿತ್ತಾ?” ಅದು ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಅಲ್ಲಿ ‘ಉಪ್ಪು’ ಎಂದಷ್ಟೇ ಇದ್ದರೂ ಕರೆಂಟಿನ ಕೆಲಸದವನಿಗೆ ಕೇಳಬೇಕಾದದ್ದು ಗೊತ್ತಿತ್ತು.

“ಊಂ. ನಿನ್ ಮಗಳಿಗೆ ಮೂರು ಕಿತ ಹೇಳ್ದೆ. ಬರ್ಕೊಂಡ್ಳು. ಮುಲಾಮು ತಂದ್ಕೊಟ್ಳು.”

ಅಪ್ಪ ಒಳಗೆ ಹೋಗಿ ವೋಲ್ಟ್ ಅಳೆಯುವ ಮೀಟರ್ ತಂದ. ಹಿತ್ತಲಿನಲ್ಲಿ ಒಂದು ಕಬ್ಬಿಣದ ಗೂಟ ಹೊಡೆದು ಸುತ್ತ ನೀರು ಸುರಿದು, ಅದಕ್ಕೂ ತೊಟ್ಟಿಯ ನೀರಿಗೂ ಮೀಟರಿನ ತುದಿಗಳನ್ನು ಕೊಟ್ಟು, ನಮ್ಮನ್ನು ದೂರ ನಿಲ್ಲಿಸಿ, ಮೇನ್ ಎತ್ತಿದ. ನಲವತ್ತೊಂದು ವೋಲ್ಟ್. ಅಲೆಯ ಫ್ಯಾನಿನ ಪ್ಲಗ್ಗು ಕಿತ್ತ, ನಲವತ್ತೊಂದು. ಇನ್ನೊಂದನ್ನು ಕಿತ್ತ, ಹಾಗೇ ಇತ್ತು. ಚಿಲ್ಲರ್, ದೀಪ, ನಲವತ್ತು. ನೀರೆತ್ತುವ ಪಂಪಿನದನ್ನು ಕಿತ್ತಾಗ ಎರಡಕ್ಕೆ ಇಳಿಯಿತು. ಪಂಪನ್ನು ಹೊರತೆಗೆದು ನೋಡಿದರೆ ವೈರು ಒಳಹೋಗುವ ಕಡೆ ರಬ್ಬರು ಕೂದಲೆಳೆಯಷ್ಟು ಬಿರಿದಿತ್ತು. ಬಿಸಿಯಾದಾಗ ಆ ಬಿರುಕು ಬಾಯಿಬಿಟ್ಟು ಕರೆಂಟು ನೀರಿಗೆ ಸೋರುತ್ತಿತ್ತು. ಟ್ರಿಪ್ಪರ್ ಮೂರು ಸಲ ಹೇಳಿದ್ದು ಅದನ್ನೇ.

“ಟೈಟಾನಿಯಂ ಕಡ್ಡಿ ಇತ್ತಲ್ಲಪ್ಪ. ಅದು ಭೂಮಿಗೆ ಎಳೀಬೇಕಿತ್ತು.”

“ಭೂಮಿ ಎಲ್ಲೈತೆ?” ಎಂದು ಅಪ್ಪ ಹಿತ್ತಲಿನ ಮೂಲೆಗೆ ಹೋಗಿ ಅರ್ತಿಂಗ್ ಗುಂಡಿಯ ಚಪ್ಪಡಿ ಸರಿಸಿದ. ಇದ್ದಿಲು, ಉಪ್ಪು ಹಾಕಿ ಪೈಪು ಹೂತ ಗುಂಡಿ ಅದು. ಬೇಸಿಗೆಯಲ್ಲಿ ದಿನಕ್ಕೊಂದು ಬಿಂದಿಗೆ ನೀರು ಕುಡಿಸಿದರೆ ಮಾತ್ರ ಕರೆಂಟು ಅದರಲ್ಲಿ ಇಳಿಯುತ್ತದೆ. ಒಳಗೆ ಕೈ ಹಾಕಿ ಅವನು ಹಿಡಿ ಮಣ್ಣು ತೆಗೆದ. ಅದು ಬೆರಳ ಸಂದಿಯಿಂದ ರಾಗಿಹಿಟ್ಟಿನ ಹಾಗೆ ಉದುರಿತು. “ಊರಿಗೆಲ್ಲ ಹೇಳ್ತೀನಿ, ಗುಂಡಿಗೆ ನೀರಾಕ್ರಪ್ಪ ಅಂತ. ನಮ್ಮನೇದಕ್ಕೆ ಶಿವರಾತ್ರಿಯಿಂದ ಹಾಕಿಲ್ಲ.”

ಅಲ್ಲೇ ಚಪ್ಪಡಿಯ ಮೇಲೆ ಕೂತ. ಬಹಳ ಹೊತ್ತು ಕೈಯ ಮಣ್ಣನ್ನು ಉಜ್ಜುತ್ತಿದ್ದ.

“ಮೂವತ್ತು ವರ್ಷ ಬೈದಿದೀನಿ ಮಗಾ, ಕಡ್ಡಿ ಸಿಕ್ಕಿಸ್ಬ್ಯಾಡ್ರೋ ಅಂತ. ಅವತ್ತು ಸೀಗಡಿ ಅಂಗಾತ ಬಿದ್ದಿತ್ತು. ಗಂಡಹೆಂಡ್ರು ಬಾಯಿ ಬಾಯಿ ಬುಡ್ತಿದ್ವು. ನೀನು ಫೋನ್ ಎತ್ಲಿಲ್ಲ. ಇನ್ನೊಂದು ಗಳಿಗೇಲಿ ಇವೂ ಹೋಯ್ತವೆ ಅನ್ನಿಸ್ತು. ಕಡ್ಡಿ ಸಿಕ್ಕಿಸ್ಬುಟ್ಟೆ.”

“ನನಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಕಿತ್ತಾಕ್ಸ್ತಿದ್ದೆ. ನೀನಿಲ್ದಾಗ ಮತ್ತೆ ಬೀಳ್ತಿತ್ತು.”

ಟ್ರಿಪ್ಪರ್ ಬೀಳಬೇಕು ಎಂದು ಬರೆದಿದ್ದೆ. ಬಿದ್ದ ಮೇಲೆ ಏನು ಎಂದು ಬರೆದಿರಲಿಲ್ಲ. ನಾನೂರ ಮೂರು ವ್ಯಾಟನ್ನೂ ಒಂದೇ ಡಬ್ಬಿಗೆ ನೇತುಹಾಕಿ ಬಸ್ಸು ಹತ್ತಿದ್ದೆ. ಮಟಮಟ ಮಧ್ಯಾಹ್ನ ಆ ಡಬ್ಬಿಯ ಮುಂದೆ, ಸಾಯುತ್ತಿರುವ ಮೀನುಗಳನ್ನು ನೋಡುತ್ತ ನಿಲ್ಲುವ ಮನುಷ್ಯನಿಗೆ ನನ್ನ ನಕ್ಷೆಯಲ್ಲಿ ಜಾಗವೇ ಇರಲಿಲ್ಲ.

“ತೆಗೆದ್ಬುಡಾಣ,” ಎಂದ ಅಪ್ಪ. “ಯಾರಿಗಾದ್ರೂ ಕೊಟ್ಬುಡಾಣ.”

ನಾನೂ ಅದನ್ನೇ ಯೋಚಿಸುತ್ತಿದ್ದೆ. ಅಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು, ಕೈಯಲ್ಲಿ ಇನ್ನೂ ಆಹಾರದ ಡಬ್ಬಿ.

“ಮೀನೇನು ಮಾಡಿದ್ವು?” ಎಂದಳು. “ಡಬ್ಬಿ ಬಿದ್ರೆ ಅವು ಸಾಯ್ತವೆ. ಬೀಳ್ದಿದ್ರೆ ನಾನು ಸಾಯ್ತೀನಿ. ಎರಡೂ ಆಗ್ದಂಗೆ ಮಾಡಕ್ಕಾಯ್ತದೋ ಇಲ್ವೋ, ಅಷ್ಟು ಹೇಳ್ರಿ ಅಪ್ಪ ಮಗಳು.”

ಹೊಸ ಪುಟದಲ್ಲಿ ಆ ಮಾತನ್ನು ಬರೆದೆ, ಈ ಸಲ ಪೂರ್ತಿ.

ಒಂಬತ್ತು ದಿನ ಅಮ್ಮ ತೊಟ್ಟಿಗೆ ಕೈ ಹಾಕಲಿಲ್ಲ. ಪಂಪಿಲ್ಲದೆ, ಬ್ಯಾಟರಿಯ ಗಾಳಿ ಯಂತ್ರ ಒಂದರ ನೆರವಿನಿಂದಲೇ ಮೀನುಗಳನ್ನು ಉಳಿಸಿಕೊಂಡೆವು. ನೀರು ತಣಿಸಲು ಬಾಟಲಿಯಲ್ಲಿ ಮಂಜುಗಡ್ಡೆ ಕಟ್ಟಿ ತೇಲಿಬಿಟ್ಟೆವು. ಅಪ್ಪ ಹಳೆಯ ಗುಂಡಿಯ ಪಕ್ಕ ಹೊಸ ಗುಂಡಿ ತೋಡಿದ. ತೊಟ್ಟಿಯಿಂದ ವಾರವಾರ ತೆಗೆಯುವ ಉಪ್ಪುನೀರನ್ನೇ ಗುಂಡಿಗೆ ಹಾಕಿದರಾಯಿತಲ್ಲ ಎಂದು ನಾನು ಕೇಳಿದ್ದಕ್ಕೆ, “ಹಾಕು, ವರ್ಷದಲ್ಲಿ ಪೈಪು, ನಟ್ಟು ಎಲ್ಲ ತಿಂದಾಕ್ತದೆ,” ಎಂದು ನಿಲ್ಲಿಸಿದ. ತುಳಸಿಗೆ ನೀರು ಹಾಕಿದ ಮೇಲೆ ಗುಂಡಿಗೊಂದು ಬಿಂದಿಗೆ ಎಂದಾಯಿತು.

ಇನ್ನೊಂದು ಟ್ರಿಪ್ಪರ್ ತರಲು ಶಿರಾಕ್ಕೆ ಹೋದಾಗ ಸಾಹೇಬರು ಹುಬ್ಬೇರಿಸಿದರು. “ವಾಪಸ್ ಕೊಡಕ್ಕೆ ಬಂದ್ರಿ ಅನ್ಕೊಂಡೆ. ಇನ್ನೊಂದಾ?”

“ಒಂದು ಬಿದ್ರೆ ಇನ್ನೊಂದು ಇರ್ಲಿ ಅಂತ,” ಎಂದ ಅಪ್ಪ, ನೆಲ ನೋಡುತ್ತ.

ಈಗ ತೊಟ್ಟಿಗೆ ಎರಡು ದಾರಿ. ಒಂದು ಟ್ರಿಪ್ಪರಿನಲ್ಲಿ ಹೊಸ ಪಂಪು, ದೀಪ ಮತ್ತು ಒಂದು ಅಲೆ. ಇನ್ನೊಂದರಲ್ಲಿ ಚಿಲ್ಲರ್, ನೊರೆಯ ಯಂತ್ರ ಮತ್ತು ಇನ್ನೊಂದು ಅಲೆ. ಯಾವುದು ಬಿದ್ದರೂ ಅರ್ಧ ಓಡುತ್ತದೆ. ಎರಡೂ ಹೋದರೆ ಬ್ಯಾಟರಿಯ ಗಾಳಿ ಯಂತ್ರ ತಾನೇ ಶುರುವಾಗುತ್ತದೆ. ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ: ‘ಬಿದ್ದರೆ ಸುಮ್ಮನೆ ಎತ್ತಬೇಡಿ. ಎಲ್ಲ ಪ್ಲಗ್ಗು ಕಿತ್ತು ಒಂದೊಂದಾಗಿ ಹಾಕಿ ನೋಡಿ. ಯಾವುದಕ್ಕೆ ಬೀಳುತ್ತದೋ ಅದನ್ನು ಹೊರಗಿಡಿ.’

ಕೊನೆಯದನ್ನು ಅಪ್ಪ ಸೇರಿಸಿದ. ಎರಡೂ ದಾರಿಗೆ ಮುಂಚೆ ಒಂದು ಕೆಂಪು ಸ್ವಿಚ್ಚು, ಅದರ ಪಕ್ಕದಲ್ಲಿ ಅಂಗಡಿಯಲ್ಲಿ ಬಿದ್ದಿದ್ದ ಒಂದು ಹಳೆಯ ಪಿಂಗಾಣಿ ಫ್ಯೂಸು. ಅಮ್ಮನನ್ನು ಕರೆದು ತೋರಿಸಿದ.

“ಕೈ ಒಣಗಿಸ್ಕೊ. ಮೊದ್ಲು ಸ್ವಿಚ್ಚು ಆಫ್. ಆಮೇಲೆ ಫ್ಯೂಸು ಕಿತ್ಕೊ. ಆಮೇಲೆ ನೀರಿಗೆ ಕೈ. ಫ್ಯೂಸು ನಿನ್ ಹತ್ರ ಇದ್ರೆ ಯಾವ ದೊರೆ ಬಂದು ಸ್ವಿಚ್ ಹಾಕಿದ್ರೂ ನಿಂಗೇನೂ ಆಗಲ್ಲ.”

“ನನಗೆ ಜೇಬೆಲ್ಲೈತೆ?”

“ಸೊಂಟಕ್ಕೆ ಸಿಕ್ಕಿಸ್ಕೊ ಕಣೆ.”

ಮೇ ಹತ್ತರಂದು ಅಮ್ಮ ಮತ್ತೆ ಕೈ ಇಟ್ಟಳು. ಅದಕ್ಕೂ ಮುಂಚೆ ಅಪ್ಪ ಎಲ್ಲವನ್ನೂ ಓಡಿಸಿ ತಾನೇ ಮೀಟರ್ ಇಟ್ಟು ನೋಡಿದ್ದ; ಎರಡೂ ಟೆಸ್ಟ್ ಗುಂಡಿ ಒತ್ತಿ, ಎರಡು ಸಲ ಟಕ್ಕೆನ್ನಿಸಿದ್ದ. ಸ್ವಿಚ್ಚು, ಫ್ಯೂಸು, ಸೊಂಟ, ಕೈ. ನೀರು ಮೊಣಕೈವರೆಗೆ ಏರಿತು. ಗಂಡಹೆಂಡ್ರು ಬಂದು ಬೆರಳಿನ ಸುತ್ತ ತಿರುಗಿದರು. ಅಪ್ಪ ಅವಳ ಮುಖವನ್ನೇ ನೋಡುತ್ತ ನಿಂತಿದ್ದ.

“ಏನ್ ಅಂಗ್ ನೋಡ್ತೀಯ,” ಎಂದಳು. “ನೀರು ತಣ್ಣಗೈತೆ, ಅಷ್ಟೆ.”

ಅಂದಿನಿಂದ ನೋಟ್‌ಬುಕ್ಕಿನಲ್ಲಿ ಒಂದು ಕಾಲಮ್ಮು ಹೆಚ್ಚಾಗಿದೆ. ‘ಅಮ್ಮ ಏನಂದಳು’ ಎಂದು ಅದರ ತಲೆಬರಹ. ಅಲ್ಲಿ ಅವಳ ಮಾತನ್ನು ಅವಳು ಆಡಿದ ಹಾಗೇ ಬರೆಯುತ್ತೇನೆ; ಅರ್ಥ ಹಚ್ಚುವ ಕೆಲಸಕ್ಕೆ ಹೋಗುವುದಿಲ್ಲ. ಹೆಚ್ಚಿನ ದಿನ ಇರುವುದು ‘ಏನಿಲ್ಲ’. ಕೆಲವು ದಿನ ಮೀನಿನ ಸುದ್ದಿ. ಒಂದು ದಿನ ಬರೀ ಪಕ್ಕದ ಮನೆಯ ಸುದ್ದಿ.

ಜೂನ್ ಮೂರರಂದು ಮಧ್ಯಾಹ್ನ ಅಪ್ಪ ಊಟಕ್ಕೆ ಬಂದಾಗ ತೊಟ್ಟಿಯ ದೀಪ ಆರಿತ್ತು, ಪಂಪು ನಿಂತಿತ್ತು. ಗಾಳಿ ಯಂತ್ರ ಮಾತ್ರ ಗುಳುಗುಳು ಎನ್ನುತ್ತಿತ್ತು, ಮೀನುಗಳು ಆರಾಮವಾಗಿದ್ದವು. ಎರಡೂ ಟ್ರಿಪ್ಪರ್ ಮೇಲೆಯೇ ಇದ್ದವು. ಅವನು ಏನನ್ನೂ ಮುಟ್ಟದೆ ಕುರ್ಚಿ ಎಳೆದುಕೊಂಡು ಅಂಟಿಸಿದ್ದ ಕಾಗದವನ್ನು ಎರಡು ಸಲ ಓದಿದನಂತೆ. ಆಮೇಲೆ ನೋಡಿದರೆ ಪಿಂಗಾಣಿ ಫ್ಯೂಸು ಜಾಗದಲ್ಲಿರಲಿಲ್ಲ. ಬೀದಿಯ ಕೊನೆಯ ಹಿಟ್ಟಿನ ಗಿರಣಿಗೆ ಹೋಗಿ, ರಾಗಿಯ ಸರತಿಯಲ್ಲಿ ನಿಂತಿದ್ದ ಅಮ್ಮನನ್ನು ಕರೆದು, ಎಲ್ಲರೆದುರೂ ಹೇಳಿದ:

“ಲೇ, ನಿನ್ ಸೊಂಟ ಸ್ವಲ್ಪ ನೋಡ್ಕೊ.”

ಅಂದಿನ ಕಾಲಮ್ಮಿನಲ್ಲಿ ಹೀಗಿದೆ: ‘ಮರ್ತು ಹೋಗ್ಬುಟ್ಟೆ ಕಣಮ್ಮ. ನಲವತ್ತು ನಿಮಿಷ ಆಗಿರ್ಬೇಕು. ಮೀನು ಚೆನ್ನಾಗವೆ. ಕೈಗೇನೂ ಆಗಿಲ್ಲ. ಗಿರಣೀಲೆಲ್ಲ ನಕ್ರು.’